ಒಂಬತ್ತನೇ ಗೂಡು

ತಿಗನಾರೆ
18-11-2024

ಆನೆ ಡಬ್ಬಿ ಮಾಡಿದವರಿಗೆ,

ಡಬ್ಬಿಯ ಬೆನ್ನಿಗೆ ಅಂಟಿಸಿದ್ದ ಚೀಟಿಯಲ್ಲಿ ಮೈಸೂರಿನ ವಿಳಾಸವಿತ್ತು. ಅದನ್ನು ನೋಡಿ ಬರೆಯುತ್ತಿದ್ದೇನೆ. ನನ್ನ ಹೆಸರು ಚಿಕ್ಕತಾಯಮ್ಮ, ತಿಗನಾರೆಯ ಶಿವಮಲ್ಲು ಅವರ ಹೆಂಡತಿ. ಹೋದ ಬೇಸಿಗೆಯಲ್ಲಿ ನಿಮ್ಮವರು ಬಂದು ನಮ್ಮ ಹೊಲದಂಚಿನ ಹೊಂಗೆಮರಕ್ಕೆ ಒಂದು ಡಬ್ಬಿ ಕಟ್ಟಿ ಹೋದರು. ಆನೆ ಬಂದರೆ ಇದು ಕೂಗುತ್ತದೆ, ಇನ್ನು ನೀವು ನಿದ್ದೆಗೆಟ್ಟು ಕಾಯಬೇಕಾಗಿಲ್ಲ ಎಂದರು.

ಕಳೆದ ಸೋಮವಾರ ಬೆಳಗಿನ ಜಾವ ಆನೆಗಳು ಬಂದವು. ಡಬ್ಬಿ ಕೂಗಲಿಲ್ಲ.

ನಮ್ಮನೆಯವರು ಅಟ್ಟಣೆಯ ಮೇಲೆ ಕಾವಲಿಗೆ ಮಲಗಿದ್ದರು. ಹಾಲು ಕರೆಯುವ ಹೊತ್ತಾಯಿತೆಂದು ಇಳಿದು ಮನೆಯ ಕಡೆ ಹೊರಟಿದ್ದಾರೆ. ಮಂಜು ಕವಿದಿತ್ತು. ಡಬ್ಬಿ ಸುಮ್ಮನಿದೆಯಲ್ಲ, ಹೊಲದಲ್ಲಿ ಏನೂ ಇಲ್ಲ ಎಂದುಕೊಂಡಿರಬೇಕು. ಮುಸುಕಿನ ಜೋಳದ ನಡುವಿನ ಹಾದಿಯಲ್ಲೇ ನಡೆದಿದ್ದಾರೆ. ಅದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ನಾನು ಕೊಟ್ಟಿಗೆಯಲ್ಲಿ ಚೊಂಬು ಹಿಡಿದು ಕೂತಿದ್ದೆ. ಮೈದುನ ಮಾದು ಓಡಿ ಬಂದು ಬಾಗಿಲಲ್ಲಿ ನಿಂತ. "ಯಾಕ್ಲಾ ಮಾದು, ನಿಮ್ಮಣ್ಣ ಎಲ್ಲಿ?" ಎಂದೆ. ಅವನು ನನ್ನ ಕೈಯಿಂದ ಚೊಂಬು ಇಸಕೊಂಡ. ಆ ಚೊಂಬನ್ನು ಯಾಕೆ ಇಸಕೊಂಡ ಎಂದು ಈಗಲೂ ಯೋಚಿಸುತ್ತಿರುತ್ತೇನೆ. ಬೇರೆ ಯಾವುದನ್ನೂ ಯೋಚಿಸಲು ಬರುತ್ತಿಲ್ಲ.

ನಿಮ್ಮನ್ನು ಕೇಳಬೇಕಾದ್ದು ಒಂದೇ. ನಮ್ಮೂರಿನ ಕಾವಲಿನ ಸರದಿ ಗೊತ್ತುಮಾಡುವವರು ಮಾದಪ್ಪ ಎಂಬ ಹಿರಿಯರು. ಅವರು ಮಣ್ಣು ಮಾಡಿ ಬಂದ ದಿನವೇ ಎಲ್ಲರೆದುರು ಹೇಳಿದರು: "ಶಿವಮಲ್ಲುನೇ ಡಬ್ಬಿ ಆರ್ಸವ್ನೆ ಕಣ. ಅದು ಕೂಗೋದು ಅವುನ್ಗೆ ಬ್ಯಾಸ್ರ ಆಗಿತ್ತು." ಈಗ ಊರೆಲ್ಲ ಅದೇ ಮಾತು. ತನ್ನ ಸಾವನ್ನು ತಾನೇ ತಂದುಕೊಂಡ ಅನ್ನುತ್ತಾರೆ. ಅವರು ಆರಿಸಿದ್ದರೋ ಇಲ್ಲವೋ, ಡಬ್ಬಿಯನ್ನು ನೋಡಿದರೆ ನಿಮಗೆ ತಿಳಿಯುತ್ತದೆಯೇ?

ಮಾದು ಡಬ್ಬಿಯನ್ನು ಇಳಿಸಿ ಗೋಣಿಯಲ್ಲಿ ಸುತ್ತಿಟ್ಟಿದ್ದಾನೆ. ಫೋನಿನಲ್ಲಿ ಕೇಳಬಹುದಿತ್ತು. ಸಿಗ್ನಲ್ಲಿಗೆ ದಿಬ್ಬ ಹತ್ತಬೇಕು, ಹತ್ತಿದರೂ ಇದನ್ನು ಬಾಯಲ್ಲಿ ಹೇಳಲು ನನ್ನಿಂದ ಆಗುವುದಿಲ್ಲ. ಏಳನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದ್ದೇನೆ, ದಿನವೂ ಒಂದೆರಡು ಸಾಲು ಬರೆದಿಡುವ ಅಭ್ಯಾಸವಿದೆ. ಬರೆಯುವಾಗ ಕೈಯಾದರೂ ನಡೆಯುತ್ತದೆ.

ಚಿಕ್ಕತಾಯಮ್ಮ

*

ಮೈಸೂರು
29-11-2024

ಗೌರವಾನ್ವಿತ ಚಿಕ್ಕತಾಯಮ್ಮ ಅವರಿಗೆ,

ತಮ್ಮ ಪತಿಯವರ ನಿಧನಕ್ಕೆ ನಮ್ಮ ಸಂಸ್ಥೆ ತೀವ್ರ ಸಂತಾಪ ವ್ಯಕ್ತಪಡಿಸುತ್ತದೆ. ಎಚ್ಚರಿಕೆ ಉಪಕರಣ ಕೂಗದಿರಲು ಸಾಮಾನ್ಯವಾಗಿ ಬ್ಯಾಟರಿ ಇಳಿದಿರುವುದೇ ಕಾರಣವಾಗಿರುತ್ತದೆ. ಸೌರಫಲಕದ ಮೇಲೆ ಧೂಳು, ಎಲೆ ಕೂತರೆ ಹೀಗಾಗುತ್ತದೆ. ಫಲಕವನ್ನು ಶುಚಿಯಾಗಿಟ್ಟುಕೊಳ್ಳುವ ಹೊಣೆ ಬಳಕೆದಾರರದು ಎಂದು ಕೈಪಿಡಿಯಲ್ಲಿ ತಿಳಿಸಲಾಗಿದೆ. ಉಪಕರಣವನ್ನು ಕಳಿಸಿಕೊಟ್ಟರೆ ಪರೀಕ್ಷಿಸಿ ತಿಳಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಮೇಘ, ತಾಂತ್ರಿಕ ವಿಭಾಗ

ಮೇಲಿನದು ಆಫೀಸಿನವರು ಹೇಳಿದ್ದನ್ನು ಟೈಪ್ ಮಾಡಿದ್ದು. ಇದನ್ನು ಕೈಯಲ್ಲಿ ಬರೆಯುತ್ತಿದ್ದೇನೆ. ಬೇಸಿಗೆಯಲ್ಲಿ ಬಂದು ಡಬ್ಬಿ ಕಟ್ಟಿದವಳು ನಾನೇ. ಶಿವಮಲ್ಲು ಅವರು ಏಣಿ ಹಿಡಿದುಕೊಂಡಿದ್ದರು. ನೀವು ಮಜ್ಜಿಗೆ ಕೊಟ್ಟಿರಿ. ನಿಮ್ಮ ಕಾಗದವನ್ನು ಎರಡು ಸಲ ಓದಿದ ಮೇಲೂ ಅದು ಅವರೇ ಎಂದು ನಂಬಲು ಆಗಲಿಲ್ಲ. ದಯವಿಟ್ಟು ಡಬ್ಬಿಯನ್ನು ನನ್ನ ಹೆಸರಿಗೇ ಕಳಿಸಿ.

*

ತಿಗನಾರೆ
7-12-2024

ಮೇಘ ಅವರಿಗೆ,

ಮಾದು ಗೆಟ್ಟವಾಡಿಯಲ್ಲಿ ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋಗಿ ಡಬ್ಬಿಯನ್ನು ಪಾರ್ಸೆಲ್ಲಿಗೆ ಹಾಕಿದ್ದಾನೆ. ನಿಮ್ಮ ಹೆಸರಿಗೇ ಹಾಕಿಸಿದ್ದೇನೆ. ನಮ್ಮೂರು ರಾಜ್ಯದ ಗಡಿಯ ಈಚೆಗಿರುವುದರಿಂದ ಈ ಕಾಗದ ಮಾತ್ರ ತಾಳವಾಡಿಗೆ ಹೋಗಿ, ಘಾಟಿ ಇಳಿದು, ಸತ್ಯಮಂಗಲ ಸುತ್ತಿ ನಿಮ್ಮ ಹತ್ತಿರ ಬರಬೇಕು. ಬಸ್ಸಿಗೆ ಅರ್ಧ ದಿನದ ದಾರಿ, ಕಾಗದಕ್ಕೆ ವಾರದ್ದು.

ಬ್ಯಾಟರಿ ಎಂದು ಬರೆದಿದ್ದೀರಿ. ಆ ಗಾಜಿನ ಹಲಗೆಯನ್ನು ಅವರು ದಿನಾ ಬೆಳಿಗ್ಗೆ ಹೆಗಲ ಮೇಲಿನ ಟವಲ್ಲಿನಲ್ಲಿ ಒರೆಸುತ್ತಿದ್ದರು. "ಎಂಡ್ತಿ ಮಕ ಒರ್ಸಿದ್ದು ಕಾಣ್ನಿಲ್ಲ, ಡಬ್ಬಿ ಮಕ ಒರ್ಸೋದ್ ನೋಡು" ಎಂದು ಓರಗಿತ್ತಿ ಪುಟ್ಟಿ ಆಡಿಕೊಳ್ಳುತ್ತಿದ್ದಳು. ಧೂಳು ಕೂತಿತ್ತು ಎಂದು ಇನ್ನೊಮ್ಮೆ ಬರೆಯಬೇಡಿ.

ನೀವು ಬಂದ ದಿನ ನನಗೂ ನೆನಪಿದೆ. ನೀವು ಏಣಿಯ ತುದಿಯಲ್ಲಿದ್ದಿರಿ. ಅವರು "ಉಸಾರು ಕಣವ್ವ, ಆ ಕೊಂಬೇಲಿ ಕೆಂಜಿಗ ಅವೆ" ಎಂದರು. ಹೇಳಿ ಮುಗಿಸುವುದರೊಳಗೆ ನಿಮಗೆ ಕಚ್ಚಿತ್ತು. ಇಳಿದು ಬಂದು ಕುತ್ತಿಗೆ ಉಜ್ಜಿಕೊಳ್ಳುತ್ತಲೇ ಕೇಳಿದಿರಿ, ಒಟ್ಟಿಗೆ ಎಷ್ಟು ಆನೆ ಬರುತ್ತವೆ, ಹೆಚ್ಚೆಂದರೆ ಎಷ್ಟು, ಎಂದು. ಅವರು ಹೇಳಿದ್ದು ನನಗೆ ಕೇಳಿಸಿದ ಹಾಗೇ ಇದೆ: "ಎಂಟು ಕಣವ್ವ. ನಾನೂ ಎಣ್ಸಿವ್ನಿ, ನಮ್ಮಪ್ಪನೂ ಎಣ್ಸಿದ್ದ. ಎಂಟಕ್ಕೆ ಒಂದು ಎಚ್ಚಿಲ್ಲ." ನೀವು ಅಂಗೈ ಮೇಲೆ ಬರೆದುಕೊಂಡಿರಿ.

ಮೊದಲ ಕಾಗದದಲ್ಲಿ ಒಂದು ಮಾತು ಬರೆದಿರಲಿಲ್ಲ. ಶುರುವಿನಲ್ಲಿ ಮಾದಪ್ಪನವರ ಎಮ್ಮೆಗಳು ಬಂದರೂ ಡಬ್ಬಿ ಕೂಗುತ್ತಿತ್ತು. ಆಗ ಇವರು ಟೀ ಅಂಗಡಿಯಲ್ಲಿ, "ಇದ್ರ ಬಾಯ್ಗೆ ಒಂದಿನ ಬಟ್ಟೆ ತುರುಕ್ಬುಟ್ಟು ನಿದ್ದೆ ಮಾಡ್ತೀನಿ ಕಣ್ಲಾ" ಎಂದಿದ್ದರು. ಎಲ್ಲರೂ ನಕ್ಕಿದ್ದರು, ಮಾದಪ್ಪನವರೂ ನಕ್ಕಿದ್ದರು. ಈಗ ಆ ನಗುವೇ ಸಾಕ್ಷಿಯಾಗಿದೆ. ಮಾದು ಡಬ್ಬಿ ಇಳಿಸುವಾಗ ಸ್ವಿಚ್ಚು ಎಲ್ಲಿದೆ ಎಂದು ನೋಡಬೇಕಿತ್ತು. ಅವನು ಅಳುತ್ತಾ ತಂತಿ ಕಿತ್ತು ಗೋಣಿಯೊಳಗೆ ತುರುಕಿದ. ಈಗ ಯಾರು ಏನು ಹೇಳಿದರೂ ನಂಬುವವರಿಲ್ಲ.

ನನಗೂ ಒಂದು ಗಳಿಗೆ ಅನ್ನಿಸಿದ್ದುಂಟು, ನಿಜವಾಗಿ ಆರಿಸಿದ್ದರೇನೋ ಎಂದು. ಹಾಗನ್ನಿಸಿದ ದಿನ ಅವರ ಟವಲ್ಲನ್ನು ಮುಟ್ಟಲು ಆಗಲಿಲ್ಲ. ಬೇಗ ನೋಡಿ ಹೇಳಿ.

ಚಿಕ್ಕತಾಯಮ್ಮ

*

ಮೈಸೂರು
16-12-2024

ಚಿಕ್ಕತಾಯಮ್ಮ ಅವರೇ,

ಅವರು ಆರಿಸಿರಲಿಲ್ಲ.

ಇದನ್ನು ಮೊದಲು ಬರೆದುಬಿಡುತ್ತೇನೆ, ಉಳಿದದ್ದು ಆಮೇಲೆ. ಸ್ವಿಚ್ಚು ಡಬ್ಬಿಯ ಒಳಗಿದೆ. ಅದನ್ನು ಮುಟ್ಟಬೇಕಾದರೆ ಮುಚ್ಚಳದ ಮುದ್ರೆ ಒಡೆಯಬೇಕು. ಮುದ್ರೆ ನಾನು ಅಂಟಿಸಿದ ಹಾಗೇ ಇದೆ. ಸ್ವಿಚ್ಚು ಆನ್ ಆಗಿಯೇ ಇದೆ. ಬ್ಯಾಟರಿ ತುಂಬಿತ್ತು. ಈ ಕಾಗದವನ್ನು ಮಾದಪ್ಪನವರಿಗೆ ಓದಿ ಹೇಳಿ.

ಬ್ಯಾಟರಿ ಎಂದು ಬರೆದದ್ದಕ್ಕೆ ನಾಚಿಕೆಯಾಗುತ್ತಿದೆ.

ಡಬ್ಬಿ ನಿಲ್ಲುವ ಮುಂಚೆ ಒಳಗೆ ಒಂದಿಷ್ಟು ಗುರುತು ಉಳಿಸಿಕೊಂಡಿದೆ. ಡಬ್ಬಿಗೆ ಆನೆಗಳು ಕಂಡಿದ್ದವು. ಕಂಡ ಮೇಲೆ, ಕೂಗುವ ಮೊದಲು, ಅದು ನಿಂತುಹೋಗಿದೆ. ಯಾಕೆ ಎಂದು ಹುಡುಕುತ್ತಿದ್ದೇನೆ. ಒಂದು ವಿಷಯ ತಿಳಿದರೆ ಸುಲಭವಾಗುತ್ತದೆ. ಅವತ್ತು ಎಷ್ಟು ಆನೆ ಬಂದಿದ್ದವು? ನೋಡಿದವರು ಯಾರಾದರೂ ಇದ್ದಾರೆಯೇ?

ಮೇಘ

*

ತಿಗನಾರೆ
24-12-2024

ಮೇಘವ್ವನಿಗೆ,

ನಿಮ್ಮ ಕಾಗದವನ್ನು ಮೊದಲು ಕೊಟ್ಟಿಗೆಯಲ್ಲಿ ಒಬ್ಬಳೇ ಓದಿಕೊಂಡೆ. ಆಮೇಲೆ ಅವರ ಟವಲ್ಲು ತೆಗೆದು ಒಗೆದೆ.

ಸಂಜೆ ಟೀ ಅಂಗಡಿಯ ಮುಂದೆ ನಿಂತು ಎಲ್ಲರಿಗೂ ಕೇಳುವ ಹಾಗೆ ಓದಿದೆ. ಗಂಡಸರ ನಡುವೆ ಹಾಗೆ ನಿಂತು ಮಾತಾಡಿದವಳಲ್ಲ ನಾನು. ಮಾದಪ್ಪನವರು ಬೀಡಿ ಆರಿಸಿ, "ಕಾಗ್ದ ಯಾರ್ ಬೇಕಾರೂ ಬರೀತಾರೆ ಕಣವ್ವ" ಎಂದರು.

ಮಾದು ಬಿಡಲಿಲ್ಲ. "ನಿನ್ನ ಎಮ್ಮೆ ಒಂದ್ ಬರೆಯಾಕಿಲ್ಲ ನೋಡು ಮಾದಪ್ಪಣ್ಣ. ಬರೆದಿದ್ರೆ ಯಾರ್ಯಾರ್ ಒಲ ಮೇಯ್ತು ಅಂತ ಗೊತ್ತಾಗೋದು."

ಜನ ನಕ್ಕರು. ಮಾದಪ್ಪನವರು ಮಾತ್ರ ನನ್ನನ್ನೇ ನೋಡಿ ಕೇಳಿದರು: "ಸರಿ ಬುಡು, ಅವ್ನು ಆರಿಸ್ನಿಲ್ಲ. ಅಂಗಾರೆ ಅದು ಯಾಕ್ ನಿಂತ್ಕತು?" ನಾನು ಕಾಗದ ಮಡಚಿದೆ. ಅವರು ತಲೆ ಆಡಿಸಿ ಎದ್ದು ಹೋದರು. ಉತ್ತರ ಸಿಗುವವರೆಗೆ ಊರವರ ಬಾಯಲ್ಲಿ ಆ ಮಾತು ಹಾಗೇ ಇರುತ್ತದೆ.

ಆನೆಗಳನ್ನು ಮಾದು ನೋಡಿದ್ದಾನೆ. ಎಂಟು. ಯಾವಾಗಲೂ ಬರುವ ಅದೇ ಎಂಟು. ಪ್ರತಿ ಸಲ ಆನೆ ತಡೆಯಲು ತೋಡಿದ ಕಂದಕದ ಬದಿಯಲ್ಲಿ ಒಂದರ ಹಿಂದೆ ಒಂದು ಬರುತ್ತಿದ್ದವಂತೆ. ಅವತ್ತು ಕಂದಕದ ಮಣ್ಣು ಒಂದು ಕಡೆ ಕುಸಿದಿದ್ದರಿಂದ ಎಲ್ಲವೂ ಒಟ್ಟಿಗೇ ಹೊಂಗೆಮರದ ಮುಂದೆ ಹತ್ತಿ ಬಂದಿವೆ.

ಮಾದುವಿನ ಬಾಳೆತೋಟದಲ್ಲೂ ನಿಮ್ಮ ಡಬ್ಬಿಯೇ ಇದೆ. ಹೋದ ತಿಂಗಳೆಲ್ಲ ಹೆದರಿ ಬೆಂಕಿ ಹಾಕಿಕೊಂಡು ಕೂರುತ್ತಿದ್ದ. ಈಗ ನಿಮ್ಮ ಕಾಗದ ಕೇಳಿದ ಮೇಲೆ ಧೈರ್ಯವಾಗಿದ್ದಾನೆ. "ಅಣ್ಣುನ್ ಡಬ್ಬಿ ಒಂದು ಕೆಟ್ಟಿತ್ತು ಅತ್ತಿಗೆ. ನಂದು ಚೆಂದಾಗದೆ, ಮೊನ್ನೆ ಒಂಟಿ ಆನೆ ಬಂದಾಗ್ಲೂ ಕೂಗ್ತು" ಅನ್ನುತ್ತಾನೆ. ಬೆಂಕಿ ಹಾಕುವುದನ್ನು ಬಿಟ್ಟಿದ್ದಾನೆ. ಒಂದು ಒಳ್ಳೆಯದಾದರೂ ಆಯಿತಲ್ಲ.

ಚಿಕ್ಕತಾಯಮ್ಮ

*

ಮೈಸೂರು
3-1-2025

ಚಿಕ್ಕತಾಯಮ್ಮ ಅವರೇ,

ನಿಮ್ಮ ಕಾಗದದ ಕೊನೆಯ ಸಾಲು ಓದಿ ಗಾಬರಿಯಾಯಿತು. ಆಗಲೇ ಮಾದು ಅವರಿಗೆ ಫೋನ್ ಮಾಡಿದೆ. ಸಿಗಲಿಲ್ಲ. ಮರುದಿನ ಸಿಕ್ಕರು. ಡಬ್ಬಿಯನ್ನು ನಂಬಬೇಡಿ, ಬೆಂಕಿ ಹಾಕಿ, ಒಬ್ಬರೇ ಮಲಗಬೇಡಿ, ಅಕ್ಕಪಕ್ಕದವರಿಗೂ, ನಮ್ಮ ಡಬ್ಬಿ ಇರುವ ಜೀರಹಳ್ಳಿಯವರಿಗೂ ಹೇಳಿ ಎಂದೆ. ಕಾರಣ ಮಾತ್ರ ಹೇಳಲಿಲ್ಲ. ಅದನ್ನು ಮೊದಲು ನಿಮಗೇ ಹೇಳಬೇಕು.

ಆ ಡಬ್ಬಿಯಲ್ಲಿ ಒಂದು ಚಿಕ್ಕ ಕಂಪ್ಯೂಟರ್ ಇದೆ. ಅದರ ಎಲ್ಲ ಕೆಲಸವನ್ನೂ ಹಿಡಿದು ನಡೆಸುವ ತಂತ್ರಾಂಶಕ್ಕೆ ಕರ್ನಲ್ ಎನ್ನುತ್ತಾರೆ. ಕಣ್ಣು ಕಂಡದ್ದನ್ನು ಬರೆಯುವುದು, ಸೈರನ್ ಕೂಗಿಸುವುದು, ಎಲ್ಲ ಅದರ ಮೂಲಕವೇ. ಕರ್ನಲ್ ನಿಂತರೆ ಡಬ್ಬಿಯೇ ನಿಂತ ಹಾಗೆ. ಡಬ್ಬಿಯ ಕಣ್ಣಿಗೆ ಕಂಡ ಒಂದೊಂದು ಪ್ರಾಣಿಗೂ ಒಂದೊಂದು ಗೂಡು, ಗೂಡುಗಳದೊಂದು ಸಾಲು. ಆ ಸಾಲು ಇಷ್ಟೇ ಉದ್ದ ಎಂದು ಮೊದಲೇ ಗೊತ್ತಿರುವುದಿಲ್ಲ. ಡಬ್ಬಿ ಎಚ್ಚರವಾಗುವಾಗ ಎಷ್ಟು ಬೇಕು ಎಂದು ಕೇಳಿ ಅಷ್ಟು ಜಾಗ ಹಿಡಿಯುತ್ತದೆ. ನಿಮ್ಮ ಹೊಲದ ಡಬ್ಬಿಗೆ ನಾನು ಎಂಟು ಎಂದು ಹೇಳಿದ್ದೆ. ನಿಮ್ಮ ಕಡೆಯ ಬೇರೆ ಡಬ್ಬಿಗಳಿಗೂ ಅದನ್ನೇ ಹಾಕಿದ್ದೆ.

ಎಮ್ಮೆಯೋ ಆನೆಯೋ ಎಂದು ಖಾತ್ರಿ ಮಾಡಿಕೊಳ್ಳಲು ಡಬ್ಬಿ ಸ್ವಲ್ಪ ಹೊತ್ತು ನೋಡುತ್ತದೆ, ಆಮೇಲೆ ಕೂಗುತ್ತದೆ. ಒಂದರ ಹಿಂದೆ ಒಂದು ಬಂದಾಗ ಗೂಡುಗಳು ತುಂಬುವ ಮೊದಲೇ ಕೂಗಿಬಿಡುತ್ತಿತ್ತು. ಅವತ್ತು ನೋಡುತ್ತಿರುವಾಗಲೇ ಎಂಟು ಗೂಡುಗಳೂ ತುಂಬಿದವು. ಅದು ಒಂಬತ್ತನೇ ಗೂಡಿನಲ್ಲಿ ಬರೆಯಿತು. ಒಂಬತ್ತನೇ ಗೂಡು ಇರಲೇ ಇಲ್ಲ. ಇಲ್ಲದ ಗೂಡಿನಲ್ಲಿ ಬರೆದದ್ದು ಪಕ್ಕದಲ್ಲಿದ್ದ ಜಾಗದ ಮೇಲೆ ಹೋಗಿ ಕೂತಿತು. ಅಲ್ಲಿದ್ದದ್ದು ಸೈರನ್ನಿಗೆ ಸಂಬಂಧಿಸಿದ ಮಾಹಿತಿ. ಅದು ಹಾಳಾಯಿತು. ಕರ್ನಲ್ ನಿಂತಿತು.

ಒಂಟಿ ಆನೆ ಬಂದಾಗ ಮಾದು ಅವರ ಡಬ್ಬಿ ಕೂಗಿದ್ದು ಅದಕ್ಕೇ. ಹಿಂಡು ಒಟ್ಟಿಗೆ ಬಂದರೆ ಅದೂ ನಿಲ್ಲಬಹುದು.

ಆದರೆ ನನಗೆ ತಿಳಿಯದ್ದು ಇಲ್ಲಿದೆ. ಗೂಡುಗಳಲ್ಲಿ ಬರೆಯುವ ಮುಂಚೆಯೇ ನನ್ನ ಡಬ್ಬಿಯ ಕಣ್ಣು ಅವತ್ತು ಹನ್ನೊಂದು ಎಂದು ಗುರುತಿಟ್ಟಿದೆ. ನೀವು ಎಂಟು ಎನ್ನುತ್ತೀರಿ. ಮಂಜಿನಲ್ಲಿ ಡಬ್ಬಿಯ ಕಣ್ಣು ಸುಳ್ಳು ಕಂಡಿತೇ? ಹಾಗಿದ್ದರೆ ಸರಿಮಾಡಬೇಕಾದ್ದು ಕಣ್ಣನ್ನು. ದಯವಿಟ್ಟು ಮಾದು ಅವರನ್ನು ಇನ್ನೊಮ್ಮೆ ಕೇಳಿ. ಎಂಟೋ, ಹನ್ನೊಂದೋ?

ಮೇಘ

*

ತಿಗನಾರೆ
11-1-2025

ಮೇಘವ್ವ,

ನಿಮ್ಮ ಕಾಗದವನ್ನು ಕೊಟ್ಟಿಗೆಯಲ್ಲಿ ಕೂತು ಓದುತ್ತಿದ್ದೆ. ಗೂಡು, ಸಾಲು ಎಲ್ಲ ನಿಧಾನಕ್ಕೆ ಅರ್ಥವಾಯಿತು. ಎಂಟೋ ಹನ್ನೊಂದೋ ಎಂದು ಕೇಳಿದ ಕಡೆ ನಿಮ್ಮ ಮೇಲೆ ಸಿಟ್ಟು ಬಂತು. ಆನೆ ಎಣಿಸಲು ಬರದವರೇ ನಾವು? ಹಾಗೆಂದುಕೊಂಡು ತಲೆ ಎತ್ತಿದೆ.

ನಮ್ಮ ಕೊಟ್ಟಿಗೆಯಲ್ಲಿ ಎಷ್ಟು ದನ ಎಂದು ಯಾರು ಕೇಳಿದರೂ ಮೂರು ಎನ್ನುತ್ತೇನೆ. ನೆನ್ನೆ ತಾನೇ ದನದ ಡಾಕ್ಟರಿಗೂ ಮೂರು ಎಂದೇ ಹೇಳಿದ್ದೆ. ದೀಪದ ಬೆಳಕಿಗೆ ನಾಲ್ಕು ಜೊತೆ ಕಣ್ಣುಗಳು ನನ್ನನ್ನು ನೋಡುತ್ತಿದ್ದವು.

ನಾಲ್ಕನೆಯದು ಕರು.

ಹಾಲು ಕುಡಿಯುವ ಕರು ನಮ್ಮಲ್ಲಿ ಬೇರೆ ಲೆಕ್ಕವಲ್ಲ. ಹಾಲು ಬಿಡುವ ತನಕ ಅದು ತಾಯಿಯೊಳಗೇ. "ಬ್ಯಾರೆ ಎಣ್ಸಿದ್ರೆ ತಾಯಿಂದ ಬ್ಯಾರೆ ಮಾಡ್ದಂಗೆ" ಎಂದು ನಮ್ಮತ್ತೆ ಬೈಯುತ್ತಿದ್ದರು. ಮೇಕೆಗೂ ಹಾಗೇ, ಎಮ್ಮೆಗೂ ಹಾಗೇ. ಇದನ್ನು ಯಾರೂ ಕೂರಿಸಿ ಕಲಿಸಿದ್ದಲ್ಲ. ಹೀಗೆ ಎಣಿಸುತ್ತೇವೆ ಎಂಬುದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಕಾಗದ ಕೈಯಲ್ಲಿ ಹಿಡಿದುಕೊಂಡೇ ಮಾದುವಿನ ಮನೆಗೆ ಓಡಿದೆ. ಅವನು ಊಟಕ್ಕೆ ಕೂತಿದ್ದ.

"ಲಾ ಮಾದು, ಅವತ್ತು ಮರಿ ಇದ್ವಾ?"

"ಇದ್ವು ಅತ್ತಿಗೆ. ಮೂರು. ಈ ವರ್ಸದವು."

"ಮತ್ತೆ ಎಂಟು ಅಂದ್ಯಲ್ಲ?"

"ಎಂಟೇ ಅಲ್ವಾ?" ಎಂದು ನನ್ನ ಮುಖ ನೋಡಿದ. ಪುಟ್ಟಿಯೂ "ಎಂಟೇ ಕಣಕ್ಕ, ಯಾಕೆ?" ಎಂದಳು. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ತಟ್ಟೆಯಲ್ಲೇ ಕೈ ತೊಳೆದು ಎದ್ದುಬಿಟ್ಟ.

ನಿಮ್ಮ ಡಬ್ಬಿಯ ಕಣ್ಣು ಸುಳ್ಳು ಕಂಡಿಲ್ಲ, ಮೇಘವ್ವ.

ಹಾಗಾದರೆ ಎಂಟು ಎಂದವರು ಅವರು. ಏಣಿ ಹಿಡಿದುಕೊಂಡು, ನಿಮ್ಮನ್ನು ನಗಿಸುತ್ತಾ, ಎಂಟಕ್ಕೆ ಒಂದು ಎಚ್ಚಿಲ್ಲ ಎಂದವರು. ಅವರ ಬಾಯಿಂದ ಬಂದ ಮಾತೇ ಅವರನ್ನು ತೆಗೆದುಕೊಂಡಿತೇ?

ಮಾದಪ್ಪನವರಿಗೆ ಉತ್ತರ ಬೇಕಿತ್ತಲ್ಲ, ಇದೇ ಆ ಉತ್ತರ. ಇದು ಗೊತ್ತಾದರೆ ಅವನೇ ತಪ್ಪು ಲೆಕ್ಕ ಹೇಳಿ ಸತ್ತ ಎನ್ನುತ್ತಾರೆ. ಸ್ವಿಚ್ಚಿನ ಮಾತಾದರೆ ಸುಳ್ಳಾಗಿತ್ತು. ಇದು ಸುಳ್ಳೂ ಅಲ್ಲ. ದಮ್ಮಯ್ಯ ಅಂತೀನಿ, ಯಾರಿಗೂ ಹೇಳಬೇಡಿ. ಮಾದುವಿನ ಬಾಯಿಯನ್ನೂ ಮುಚ್ಚಿಸಿದ್ದೇನೆ. ಬ್ಯಾಟರಿ ಎಂದೇ ಬರೆದುಕೊಳ್ಳಿ. ನಾನು ಆಕ್ಷೇಪ ಮಾಡುವುದಿಲ್ಲ.

ಚಿಕ್ಕತಾಯಮ್ಮ

*

ಮೈಸೂರು
19-1-2025

ಅಕ್ಕ,

ಹೀಗೆ ಕರೆಯಬಹುದು ಎಂದುಕೊಳ್ಳುತ್ತೇನೆ. ನಿಮ್ಮ ಕಾಗದವನ್ನು ಆಫೀಸಿನಲ್ಲೇ ಓದಿದೆ. ನನ್ನ ಹಿಂದೆ ಯಾರೋ ಬಂದು ಮಾತಾಡಿಸಿದರಂತೆ, ನನಗೆ ಕೇಳಿಸಲಿಲ್ಲ.

ಬ್ಯಾಟರಿ ಎಂದು ಬರೆಯುವುದಿಲ್ಲ. ಅವರ ಮಾತಿನಿಂದ ಅವರು ಸತ್ತರು ಎಂದು ನೀವೂ ಇನ್ನೊಮ್ಮೆ ಬರೆಯಬೇಡಿ.

ಅವರು ಎಂಟು ಎಂದರು. ಬೇರೆ ಯಾರೋ ನೂರು ಎನ್ನಬಹುದಿತ್ತು, ನೂರೊಂದನೆಯದು ಬರಬಹುದಿತ್ತು. ಕೇಳಿಕೊಂಡ ಸಂಖ್ಯೆ ತಪ್ಪಾಗಿರುತ್ತದೆ ಎಂದೇ ತಿಳಿದು ಕೋಡ್ ಬರೆಯಬೇಕು. ಒಂದೊಂದು ಗೂಡಿನಲ್ಲಿ ಬರೆಯುವ ಮುಂಚೆ, ಈ ಗೂಡು ನಿಜವಾಗಿ ಇದೆಯೇ ಎಂದು ನೋಡಬೇಕು. ನಾನು ನೋಡಿರಲಿಲ್ಲ. ಸಾಲು ಒಂದು ಕಡೆ, ಅದರ ಉದ್ದ ಇನ್ನೊಂದು ಕಡೆ ಇಟ್ಟಿದ್ದೆ. ಒಂದಕ್ಕೆ ಇನ್ನೊಂದರ ಪರಿಚಯವೇ ಇರಲಿಲ್ಲ. ಕರ್ನಲ್ಲಿನ ಕೆಲಸ ಮಾಡುವವರು ಈಚೆಗೆ ಇಂಥ ಸಾಲುಗಳಿಗೆ ಒಂದು ಕಟ್ಟು ಹಾಕುತ್ತಿದ್ದಾರೆ. ಈ ಸಾಲಿನ ಉದ್ದ ಇಲ್ಲಿದೆ ಎಂದು ಸಾಲಿನ ಪಕ್ಕದಲ್ಲೇ ಗುರುತು ಹಾಕಿಬಿಡುತ್ತಾರೆ. ಆಗ ಉದ್ದ ಮೀರಿ ಬರೆಯಲು ಹೋದರೆ ಅಲ್ಲೇ ಸಿಕ್ಕಿಬೀಳುತ್ತದೆ, ಪಕ್ಕದ್ದು ಹಾಳಾಗುವುದಿಲ್ಲ. ನನಗೆ ಅದು ಗೊತ್ತಿತ್ತು, ಅಕ್ಕ. ಆಮೇಲೆ ಹಾಕೋಣ ಎಂದುಕೊಂಡೆ. ಎಂಟಕ್ಕಿಂತ ಹೆಚ್ಚು ಬರುವುದಿಲ್ಲವಲ್ಲ ಎಂದುಕೊಂಡೆ.

ಈಗ ಬರೆದಿದ್ದೇನೆ. ಹಾಕಿದ್ದು ಕೆಲವೇ ಸಾಲು ಕೋಡ್. ಆ ಕೆಲವೇ ಸಾಲು ಎನ್ನುವುದು ತಡೆದುಕೊಳ್ಳಲು ಆಗುತ್ತಿಲ್ಲ. ಇನ್ನು ಗೂಡು ತುಂಬಿದರೆ ಹೆಚ್ಚಿನದನ್ನು ಬರೆಯದೆ ಬಿಟ್ಟು, ಡಬ್ಬಿ ತಕ್ಷಣ ಕೂಗುತ್ತದೆ. ಆಫೀಸಿನಲ್ಲಿ ಜಗಳವಾಯಿತು. ಸದ್ದಿಲ್ಲದೆ ಬದಲಾಯಿಸಿ ಬಾ ಎಂದರು. ಬದಲಾಯಿಸುತ್ತೇನೆ, ಸದ್ದಿಲ್ಲದೆ ಅಲ್ಲ ಎಂದೆ. ತಿಂಗಳ ಕೊನೆಯಲ್ಲಿ ಬಂದು ಎಲ್ಲ ಡಬ್ಬಿಗಳನ್ನೂ ಸರಿಮಾಡುತ್ತೇನೆ. ಮಾದು ಅವರಿಗೆ ಫೋನಿನಲ್ಲಿ ಹೇಳಿದ್ದೇನೆ, ಅಲ್ಲಿಯವರೆಗೆ ಬೆಂಕಿ ಬಿಡಬಾರದು.

ಇನ್ನೊಂದು ವಿಷಯ. ಇದೇ ಕೋಡನ್ನು ಬೇರೆ ಊರುಗಳಲ್ಲೂ ಬಳಸುವವರಿದ್ದಾರೆ. ಹಾಗಾಗಿ ತಿದ್ದಿದ್ದನ್ನು ಎಲ್ಲರಿಗೂ ಕಾಣುವ ಹಾಗೆ ಕಳಿಸಬೇಕು. ಏನು ತಪ್ಪಾಗಿತ್ತು ಎಂದು ಕಾರಣ ಬರೆಯಬೇಕು. ಅದರ ಕೆಳಗೆ ತಪ್ಪನ್ನು ತೋರಿಸಿಕೊಟ್ಟವರ ಹೆಸರು ಹಾಕುವ ರೂಢಿಯಿದೆ. ಅದು ಗೌರವದ ಜಾಗ. ತಪ್ಪು ಮಾಡಿದವಳ ಜಾಗದಲ್ಲಿ ನನ್ನ ಹೆಸರಿದೆ. ಕೆಳಗೆ ನಿಮ್ಮ ಹೆಸರು ಹಾಕಲೇ? ಬೇಡವೆಂದರೆ ಖಾಲಿ ಬಿಡುತ್ತೇನೆ. ಮರಿಗಳ ಲೆಕ್ಕದ ಮಾತನ್ನು ನೀವು ಹೇಳುವ ತನಕ ಎಲ್ಲಿಯೂ ಬರೆಯುವುದಿಲ್ಲ.

ಮೇಘ

*

ತಿಗನಾರೆ
8-2-2025

ಮೇಘವ್ವ,

ನೀವು ಬಂದಾಗ ಹೆಸರಿನ ವಿಷಯ ಮಾತಾಡಲು ಆಗಲಿಲ್ಲ. ನೀವೂ ಕೇಳಲಿಲ್ಲ. ಹೊಂಗೆಮರದ ಹತ್ತಿರ ಹೋಗಿ ಒಬ್ಬರೇ ನಿಂತಿದ್ದಿರಿ, ಅದಕ್ಕೆ ನಾನು ಮಜ್ಜಿಗೆಯನ್ನು ಅಲ್ಲಿಗೇ ತಂದೆ.

ನೀವು ಬಸ್ಸು ಹತ್ತಿದ ಮೇಲೆ ಏನಾಯಿತೆಂದು ಹೇಳಬೇಕು. ನೀವು ಪರೀಕ್ಷೆಗೆಂದು ಊರಿನ ದನಗಳನ್ನೆಲ್ಲ, ಮೊದಲು ಒಬ್ಬೊಬ್ಬರವನ್ನು, ಆಮೇಲೆ ಒಟ್ಟಿಗೆ, ಮಾದುವಿನ ಡಬ್ಬಿಯ ಮುಂದೆ ಹಾಯಿಸಿ ಎಷ್ಟು ಕಂಡವೆಂದು ನಿಮ್ಮ ಕಂಪ್ಯೂಟರಿನಲ್ಲಿ ತೋರಿಸಿದಿರಲ್ಲ, ದನಕ್ಕೂ ಕೂಗುವ ಹಾಗೆ ಮಾಡಿಕೊಂಡು. ಮಾದಪ್ಪನವರು ಬೇಲಿಯ ಹತ್ತಿರ ನಿಂತು ತಾವೂ ಎಣಿಸುತ್ತಿದ್ದರು. ಸಂಜೆ ನಮ್ಮ ಮನೆಗೆ ಬಂದರು. ಒಳಗೆ ಬರಲಿಲ್ಲ, ಜಗಲಿಯ ಮೇಲೆ ಕೂತರು.

"ಆ ಉಡ್ಗಿ ಮಿಷನ್ನು ನನ್ ಎಮ್ಮೆ ತಪ್ಪಾಗಿ ಎಣ್ಸ್ತು ಕಣವ್ವ. ಇರೋದು ಆರು. ಅದು ಎಂಟು ತೋರ್ಸ್ತು."

ನಾನು ಸುಮ್ಮನಿರಬಹುದಿತ್ತು. ಬಾಯಿ ತಾನಾಗಿಯೇ ಹೇಳಿತು. "ನಿಮ್ಮ ಎರಡು ಎಮ್ಮೆ ಕರು ಹಾಕವಲ್ಲ ಮಾದಪ್ಪಣ್ಣ. ಅವ್ನೂ ಸೇರ್ಸಿ ಎಣ್ಸದೆ."

"ಕರುನಾ? ಕರು ಯಾರಾರಾ ಎಣ್ಸ್ತಾರಾ?"

"ನಾವು ಎಣ್ಸಾಕಿಲ್ಲ. ಅದು ಎಣ್ಸ್ತದೆ. ಆನೆ ಮರೀನೂ ಎಣ್ಸ್ತದೆ. ನಮ್ಮೋರು ಎಂಟು ಅಂದಿದ್ರು. ಅವತ್ತು ಮರಿ ಸೇರಿ ಅನ್ನೊಂದು. ಅದ್ಕೇ ನಿಂತ್ಕತು." ಆಮೇಲೆ ನೀವು ಬರೆದದ್ದನ್ನೂ ಹೇಳಿದೆ. ಸಂಖ್ಯೆ ತಪ್ಪಾದರೂ ಅದು ನಿಲ್ಲಬಾರದಿತ್ತು, ಆ ತಪ್ಪು ನಿಮ್ಮದೆಂದು ನೀವೇ ಹೇಳಿದ್ದೀರಿ ಎಂದೆ.

ಅವರು ಬೆರಳು ಮಡಚಿ ಎಮ್ಮೆಗಳನ್ನು ಇನ್ನೊಮ್ಮೆ ಎಣಿಸಿದರು. ಆರಕ್ಕೆ ನಿಂತರು. ಮತ್ತೆ ಮೊದಲಿನಿಂದ ಎಣಿಸಿ, ಎಂಟನೇ ಬೆರಳು ಹಿಡಿದುಕೊಂಡು ಹಾಗೇ ಕೂತರು. "ನನ್ನ ಕೇಳಿದ್ರೂ ಎಂಟೇ ಅಂತಿದ್ದೆ ಕಣವ್ವ" ಎಂದರು. "ಅಂಗಾರೆ ಅವತ್ತು ಅವ್ನ ಜಾಗ್ದಲ್ಲಿ ನಾನೇ ಇರ್ಬೋದಿತ್ತು, ಅಲ್ವಾ?"

ಮರುದಿನ ಟೀ ಅಂಗಡಿಯಲ್ಲಿ ಆ ಮಾತನ್ನು ಅವರೇ ಎತ್ತಿದರಂತೆ. ಶಿವಮಲ್ಲು ಡಬ್ಬಿ ಆರಿಸಿರಲಿಲ್ಲ, ನಾನು ಹೇಳಿದ್ದು ತಪ್ಪು ಎಂದರಂತೆ. ಮಾದು ಬಂದು ಹೇಳಿದ.

ಇನ್ನು ಹೆಸರು. ನನ್ನದು ಬೇಡ. ನಾನು ಕಾಗದ ಬರೆದವಳು ಅಷ್ಟೇ. ತಪ್ಪನ್ನು ತೋರಿಸಿಕೊಟ್ಟವರು ಅವರೇ, ಪ್ರಾಣ ಬಿಟ್ಟು ತೋರಿಸಿಕೊಟ್ಟರು. ಶಿವಮಲ್ಲು, ತಿಗನಾರೆ ಎಂದು ಹಾಕಿ. ಕಾರಣ ಬರೆಯುವ ಕಡೆ ಅವರು ಎಂಟು ಎಂದದ್ದನ್ನು ಮುಚ್ಚಬೇಡಿ. ನಮ್ಮಲ್ಲಿ ಹಾಲು ಕುಡಿಯುವ ಮರಿಯನ್ನು ತಾಯಿಯ ಜೊತೆಗೇ ಎಣಿಸುತ್ತಾರೆ ಎಂದೂ ಬರೆಯಿರಿ. ಬೇರೆ ಊರಿನಲ್ಲೂ ಯಾರಾದರೂ ಹಾಗೆ ಎಣಿಸುವವರು

10-2-2025

ಮೊನ್ನೆ ಅಲ್ಲಿಗೆ ನಿಲ್ಲಿಸಿದ್ದೆ. ಪುಟ್ಟಿ ಕರೆದಳೆಂದು ಹೋದೆ, ಮತ್ತೆ ಕೂರಲು ಆಗಲಿಲ್ಲ. ಇವತ್ತು ಬರೆಯಬೇಕು ಎಂದು ಕೂತಿದ್ದೇನೆ.

ಬೆಳಿಗ್ಗೆ ಹಾಲು ಕರೆಯುತ್ತಿದ್ದೆ. ಮಾದುವಿನ ತೋಟದ ಕಡೆಯಿಂದ ಡಬ್ಬಿ ಕೂಗಿತು. ಮಂಜಿತ್ತು. ಒಂಟಿ ಬಂದಾಗ ಕೂಗುವುದನ್ನು ಕೇಳಿದ್ದೇನೆ. ಇದು ಅಷ್ಟಕ್ಕೆ ನಿಲ್ಲಲಿಲ್ಲ. ಕೂಗುತ್ತಲೇ ಇತ್ತು. ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದು ಹಸುವಿನ ಹೊಟ್ಟೆಗೆ ಹಣೆ ಒತ್ತಿಕೊಂಡು ಕೂತೆ. ನಿಲ್ಲಲಿಲ್ಲ. ಅವತ್ತು ಕೇಳಬೇಕಾಗಿದ್ದ ಸದ್ದು ಇದೇ ಅಲ್ಲವೇ ಎನ್ನಿಸಿತು. ಇಷ್ಟೇ. ಇಷ್ಟು ಸದ್ದು ಸಾಕಿತ್ತು.

ಆಮೇಲೆ ತಮಟೆ, ಪಟಾಕಿ, ಜನರ ಕೂಗಾಟ ಕೇಳಿಸಿತು. ಆಮೇಲೆ ಏನೂ ಇಲ್ಲ.

ಹೆಜ್ಜೆ ಸಪ್ಪಳವಾಯಿತು. ಮಾದು ಓಡಿ ಬಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತ. ಅವತ್ತು ನಿಂತ ಜಾಗದಲ್ಲೇ. ಏದುಸಿರು ಬಿಡುತ್ತಿದ್ದ. ನಾನು ಅವನ ಕೈಯನ್ನೇ ನೋಡುತ್ತಿದ್ದೆ.

"ಅನ್ನೊಂದು ಕಣತ್ತಿಗೆ," ಎಂದ. "ನಾನೇ ಎಣ್ಸ್ದೆ. ಎಲ್ಲಾ ವಾಪಸ್ ಕಾಡಿಗೆ ಓದ್ವು. ಯಾರ್ಗೂ ಏನೂ ಆಗ್ನಿಲ್ಲ."

ಚೊಂಬು ನನ್ನ ಕೈಯಲ್ಲೇ ಇತ್ತು.

ಚಿಕ್ಕತಾಯಮ್ಮ